ಕಾನಿನ ಫೋಟೊಗೆ ಯಾವುದು ಸರಿ: ವೈಡ್, ಐವತ್ತು, ಟೆಲಿ, ಇಲ್ಲಾ ಜೇಬಿನ ಫೋನು?

ಕಾನು ಅಂದರೆ ನಮ್ಮ ಕಡೆ ದಟ್ಟ ಕಾಡು. ಕಾಡಿನ ಫೋಟೊ ಅಂದರೆ ಅಗಲ ನೋಟದ ವೈಡ್ ಲೆನ್ಸ್ ಬೇಕೇ ಬೇಕು. ಹೀಗಂತ ಅಂಗಡಿಯವರು ಹೇಳಿದರು, ಆಫೀಸಿನ ಗೆಳೆಯ ಹೇಳಿದ, ಯೂಟ್ಯೂಬ್ ಅಂತೂ ದಿನಕ್ಕೆರಡು ಸಲ ಹೇಳುತ್ತಿತ್ತು. ನಾನೂ ನಂಬಿ 10-18 ಎಂಎಂ ಲೆನ್ಸ್ ಕೊಂಡೆ (ಎಂಎಂ ಚಿಕ್ಕದಾದಷ್ಟೂ ನೋಟ ಅಗಲ). ಮೊದಲ ಸಲ ಅದನ್ನು ಹೊತ್ತುಕೊಂಡು ಹೋಗಿದ್ದು ಕತ್ತಲೆಕಾನಿಗೆ. ಜೋಗದ ಕಡೆಯಿಂದ ಹೊನ್ನಾವರಕ್ಕೆ ಹೋಗುವಾಗ ಮಾವಿನಗುಂಡಿ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಕತ್ತಲಾಗುತ್ತದಲ್ಲ, ಅಲ್ಲಿಗೆ.

ಅವತ್ತು 212 ಫೋಟೊ ಹೊಡೆದೆ. ರಾತ್ರಿ ಸಾಗರದ ಹತ್ತಿರದ ನಮ್ಮೂರ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರೆ ಇಟ್ಟುಕೊಳ್ಳುವಂಥದ್ದು ಒಂದೂ ಇಲ್ಲ. ಎಲ್ಲದರಲ್ಲೂ ಎಲ್ಲವೂ ಇದೆ. ಬಳ್ಳಿ, ಬೆತ್ತ, ಮುರಿದ ಕೊಂಬೆ, ತರಗೆಲೆ, ಮೇಲೆ ಎಲೆಗಳ ಸಂದಿಯಲ್ಲಿ ಸುಣ್ಣ ಎರಚಿದ ಹಾಗೆ ಬಿಳಿ ಆಕಾಶ. ನಾನು ಬಾಯಿ ಬಿಟ್ಟುಕೊಂಡು ನೋಡಿದ್ದ ಮರ ಮಾತ್ರ ದೂರದಲ್ಲಿ ಬೆಂಕಿಕಡ್ಡಿಯ ಹಾಗೆ ನಿಂತಿದೆ. ಅಮ್ಮ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. "ಇದ್ರಲ್ಲಿ ಎಂತ ನೋಡ್ಬೇಕು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಪ್ರಶ್ನೆಯಿಂದ ಈ ಹೋಲಿಕೆ ಶುರುವಾಯಿತು. ಆಮೇಲಿನ ಒಂದು ವರ್ಷ ಹೆಚ್ಚಿನ ಕಡೆ ನಾಲ್ಕನ್ನೂ ಒಯ್ದೆ: ಅದೇ 10-18, ಒಂದು 50 ಎಫ್ 1.8 (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ದೂರದ್ದನ್ನು ಹತ್ತಿರ ಎಳೆಯುವ ಒಂದು 55-250 ಟೆಲಿ, ಜೊತೆಗೆ ಮೂರು ವರ್ಷ ಹಳೆಯ ಆಂಡ್ರಾಯ್ಡ್ ಫೋನು. ಕ್ಯಾಮೆರಾ ಕ್ರಾಪ್ ಸೆನ್ಸರಿನದು, ಅಂದರೆ ಬೆಳಕು ಹಿಡಿಯುವ ಫಲಕ ಫುಲ್ ಫ್ರೇಮಿಗಿಂತ ಚಿಕ್ಕದು. ಹಾಗಾಗಿ ಫುಲ್ ಫ್ರೇಮ್ ಲೆಕ್ಕದಲ್ಲಿ ಇವು 16-29, 80 ಮತ್ತು 88-400 ಆಗುತ್ತವೆ. ಕಂಪನಿಯ ಹೆಸರು ಹೇಳುವುದಿಲ್ಲ, ಬೇಕಾಗಿಯೂ ಇಲ್ಲ. ಹೆಚ್ಚುಕಡಿಮೆ ಇದೇ ಅಳತೆಯ ಲೆನ್ಸ್ ಎಲ್ಲ ಕಡೆ ಸಿಗುತ್ತದೆ. ಒಂದೇ ಜಾಗ, ಒಂದೇ ಹೊತ್ತು, ನಾಲ್ಕರಲ್ಲೂ ತೆಗೆಯಬೇಕು ಅನ್ನುವುದಷ್ಟೇ ನಾನು ಹಾಕಿಕೊಂಡ ನಿಯಮ. ಅದನ್ನೂ ಮಳೆಯಲ್ಲಿ ಒಂದೆರಡು ಸಲ ಮುರಿದೆ.

ವೈಡ್: ಕಾಲಬುಡದಲ್ಲಿ ಏನಾದರೂ ಇದ್ದರೆ ಮಾತ್ರ

ವೈಡ್ ಲೆನ್ಸಿನ ಸ್ವಭಾವ ಸರಳ. ಹತ್ತಿರದ್ದನ್ನು ದೊಡ್ಡದು ಮಾಡುತ್ತದೆ, ದೂರದ್ದನ್ನು ಚಿಕ್ಕದು ಮಾಡುತ್ತದೆ. ಬೆಟ್ಟದ ತುದಿಯಲ್ಲಿ ಇದು ಒಳ್ಳೆಯದೇ. ಕಾಡಿನೊಳಗೆ ನಮ್ಮ ಹತ್ತಿರ ಇರುವುದು ಸಾಮಾನ್ಯವಾಗಿ ಏನು? ಯಾವುದೋ ಹೆಸರಿಲ್ಲದ ಪೊದೆ. ಅದೇ ಫೋಟೊದ ನಾಯಕ ಆಗಿಬಿಡುತ್ತದೆ. ಮೂವತ್ತು ಅಡಿ ಆಚೆಗಿನ ಮರ ಹಿಂದೆ ಸರಿಯುತ್ತದೆ. ಮರದ ತುದಿ ಬರಲಿ ಅಂತ ಕ್ಯಾಮೆರಾ ಮೇಲೆತ್ತಿದರೆ ಅಂಚಿನ ಮರಗಳೆಲ್ಲ ಒಳಗೆ ವಾಲುತ್ತವೆ, ಗುಡಿಸಲಿನ ಗಳಗಳ ಹಾಗೆ.

ಆದರೆ ಅದೇ ಕತ್ತಲೆಕಾನಿಗೆ ಜನವರಿಯಲ್ಲಿ ಮತ್ತೆ ಹೋದಾಗ ಈ ಲೆನ್ಸ್ ನನ್ನ ಮರ್ಯಾದೆ ಉಳಿಸಿತು. ಅಲ್ಲಿ ರಾಮಪತ್ರೆ ಮರಗಳ ಜಡ್ಡಿ ಇದೆ. ಜಡ್ಡಿ ಅಂದರೆ ಕಾಡಿನೊಳಗಿನ ಜೌಗು. ಸಣ್ಣ ಹಳ್ಳ ಬೇಸಿಗೆಯಲ್ಲೂ ಜಿನುಗುತ್ತಿರುತ್ತದೆ, ನೆಲವೆಲ್ಲ ಕಪ್ಪು ಕೆಸರು. ಕೆಸರಿನೊಳಗೆ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ಬೇರುಗಳು ಮೇಲೆದ್ದು, ಮೊಣಕಾಲು ಮಡಚಿದ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತವೆ. ಒಂದಲ್ಲ ಎರಡಲ್ಲ, ಕಣ್ಣು ಹಾಯಿಸಿದಷ್ಟೂ ಮೊಣಕಾಲು. ಕೆಲವು ಮರಗಳಿಗೆ ಬುಡದಿಂದ ಊರುಗೋಲಿನ ಹಾಗೆ ಬೇರು ಇಳಿದಿರುತ್ತದೆ. ಈ ಕಾಡು ಎಷ್ಟು ವಿಶೇಷ ಅಂದರೆ, ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರಕ್ಕೆ 2000ದಲ್ಲಿ ಸಸ್ಯಶಾಸ್ತ್ರದವರು ಕತ್ತಲೆಕಾನಿನ ಹೆಸರನ್ನೇ ಇಟ್ಟರು.

ಜಡ್ಡಿಯ ಅಂಚಿನ ಒಂದು ಕಲ್ಲಿನ ಮೇಲೆ ಕೂತೆ. ಒಳಗೆ ಇಳಿಯಬೇಡಿ. ಸಸಿಗಳು ಹುಟ್ಟುವುದು ಅದೇ ಕೆಸರಿನಲ್ಲಿ, ನಮ್ಮ ಬೂಟು ಅವಕ್ಕೆ ಯಮ. ಟ್ರೈಪಾಡನ್ನು ಪೂರ್ತಿ ಬಿಚ್ಚಿ ನೆಲಕ್ಕೆ ಒರಗಿಸಿದೆ. ಈ ಲೆನ್ಸ್ 22 ಸೆಂಟಿಮೀಟರ್ ತನಕ ಹತ್ತಿರ ಹೋಗಿ ಫೋಕಸ್ ಮಾಡುತ್ತದೆ. ಒಂದು ಮೊಣಕಾಲು ಬೇರು ಗೇಣಿಗಿಂತ ಸ್ವಲ್ಪ ಆಚೆ. ಅದರ ಬೆನ್ನ ಮೇಲೆ ಹಸಿರು ಪಾಚಿ, ಪಾಚಿಯ ಮೇಲೆ ಒಂದು ಹನಿ ನೀರು, ಪಕ್ಕದಲ್ಲಿ ಮೂರೇ ಎಲೆಯ ಸಸಿ. ಹಿಂದೆ ಉಳಿದ ಬೇರುಗಳು ಚಿಕ್ಕದಾಗುತ್ತಾ ಕತ್ತಲೆಗೆ ಸೇರುತ್ತವೆ. ಆಕಾಶವನ್ನು ಚೌಕಟ್ಟಿನಿಂದ ಪೂರ್ತಿ ಹೊರಗಿಟ್ಟೆ. ಬೆಳಗ್ಗೆ ಹನ್ನೊಂದು ಗಂಟೆಗೆ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 400, ಎಫ್ 8 ಇಟ್ಟರೆ ಒಂದು ಸೆಕೆಂಡ್ ಬೇಕಾಯಿತು ಅಂದರೆ ಅಲ್ಲಿನ ಬೆಳಕು ಎಷ್ಟು ಅಂತ ಲೆಕ್ಕ ಹಾಕಿ. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದ್ದೆ, ಅದು ಎರಡು ಸ್ಟಾಪ್, ಅಂದರೆ ಮುಕ್ಕಾಲು ಪಾಲು ಬೆಳಕು, ನುಂಗಿತ್ತು ಅನ್ನಿ.

ಚಿಕ್ಕಪ್ಪ ಜೊತೆಗೆ ಬಂದಿದ್ದರು. ಅವರಿಗೆ ಬೇಜಾರು ಬಂದಿತ್ತು. "ಎಂತ ತಮಾ, ಅರ್ಧ ಗಂಟೆ ಆತಲ. ಆ ಬೇರು ಎಲ್ಲಿಗಾದ್ರೂ ಓಡಿ ಹೋಗ್ತಾ?" ಅಂದರು. ಓಡಿ ಹೋಗುವುದಿಲ್ಲ. ಆದರೆ ಎಲೆ ಅಲ್ಲಾಡುತ್ತದೆ. ಒಂದು ಸೆಕೆಂಡ್ ಗಾಳಿ ನಿಲ್ಲುವುದಕ್ಕೆ ಅರ್ಧ ಗಂಟೆ ಕಾಯಬೇಕಾಯಿತು.

ವೈಡ್ ಗೆದ್ದ ಇನ್ನೊಂದು ಜಾಗ ಪೂರ್ತಿ ಬೇರೆ ಥರದ್ದು. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು. 54 ಎಕರೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆಗಿದ್ದು ಇದೇ. ಇಲ್ಲಿ ಕಾನಿನ ಗಿಜಿಗಿಜಿ ಇಲ್ಲ. ಮರಗಳು ದೂರ ದೂರ ಇವೆ, ಮಧ್ಯೆ ಬಯಲು. ಒಂದೊಂದು ಬೊಡ್ಡೆಯೂ ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿದೆ. ಕೆಲವು ಒಳಗೆ ಪೊಳ್ಳು. ಕೆಲವು ನೆಲಕ್ಕೆ ಒರಗಿ ಅಲ್ಲಿಂದಲೇ ಮತ್ತೆ ಚಿಗುರಿ ಮರವಾಗಿವೆ. ಹತ್ತಿರ ಹೋಗಿ, 10 ಎಂಎಂ ಇಟ್ಟು, ಬೊಡ್ಡೆಗೆ ಮೂಗು ತಾಗುವಷ್ಟು ಒತ್ತಿ ನಿಂತರೆ ಆ ತಿರುಚು ಪೂರ್ತಿ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ವಿಮಾನ ನಿಲ್ದಾಣದಲ್ಲಿ ಮಂಜಿಗೆ ವಿಮಾನ ತಡವಾಯಿತು ಅಂತ ಸುದ್ದಿ ಬರುತ್ತದಲ್ಲ, ಅಂಥ ಬೆಳಗ್ಗೆ ಇಲ್ಲಿಗೆ ಹೋಗಬೇಕು. ವಿಮಾನದವರ ಶಾಪ ನಮಗೆ ವರ.

ಟೆಲಿ: ಎರಡನೇ ದರ್ಜೆ ಅಂದುಕೊಂಡಿದ್ದೆ

55-250 ನನ್ನ ಹತ್ತಿರ ಹಕ್ಕಿಗೆ ಅಂತ ಇದ್ದ ಲೆನ್ಸ್. ಹಕ್ಕಿಯಂತೂ ಅದರಲ್ಲಿ ಯಾವತ್ತೂ ಸರಿಯಾಗಿ ಬರಲಿಲ್ಲ. 375 ಗ್ರಾಂ, ಪ್ಲಾಸ್ಟಿಕ್ ಮೈ, ನೋಡಿದರೆ ಗೌರವ ಬರುವಂಥದ್ದಲ್ಲ. ಮರಕ್ಕೆ ಇದನ್ನು ಹಿಡಿದಿದ್ದು ಆಕಸ್ಮಿಕ. ಜುಲೈ ತಿಂಗಳು, ಆಗುಂಬೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುವ ಊರು. ಸೂರ್ಯಾಸ್ತ ನೋಡುವ ಜಾಗದಲ್ಲಿ ಸೂರ್ಯನ ಸುಳಿವೂ ಇರಲಿಲ್ಲ. ಮಳೆ ಅರ್ಧ ಗಂಟೆ ಬಿಡುವು ಕೊಟ್ಟಿತು. ಕೆಳಗಿನ ಕಣಿವೆಯಿಂದ ಮಂಜು ಹೊಗೆಯ ಹಾಗೆ ಏಳುತ್ತಿತ್ತು.

ಮೊದಲು ವೈಡ್ ಹಿಡಿದೆ. ಬೂದು ಬಣ್ಣದ ಆಕಾಶ ಅರ್ಧ, ಬೂದು ಬಣ್ಣದ ಕಾಡು ಅರ್ಧ. ಆಮೇಲೆ 55-250 ಹಾಕಿ 200 ಎಂಎಂಗೆ ಎಳೆದೆ. ಎದುರಿನ ಇಳಿಜಾರಿನಲ್ಲಿ ಒಂದೇ ಒಂದು ಮರ, ಉಳಿದವಕ್ಕಿಂತ ಎರಡಾಳು ಎತ್ತರ. ಅದರ ತಲೆಯ ಹಿಂದೆ ಮಂಜು ಬಂದು ನಿಂತಾಗ ಅದು ಕಡೆದು ಇಟ್ಟ ಹಾಗೆ ಕಾಣಿಸಿತು. ಮಂಜು ಸರಿದಾಗ ಮತ್ತೆ ಕಾಡಿನಲ್ಲಿ ಕರಗಿತು. ಎಂಟು ಹತ್ತು ಸಲ ಹೀಗಾಯಿತು. ಹಸಿರಿನ ಮುಂದೆ ಹಸಿರು ಇದ್ದರೆ ಯಾವ ಲೆನ್ಸೂ ಮರವನ್ನು ಬಿಡಿಸಿ ಕೊಡುವುದಿಲ್ಲ. ಮಂಜು ಕೊಡುತ್ತದೆ, ಓರೆ ಬಿಸಿಲು ಕೊಡುತ್ತದೆ. ಟೆಲಿ ಮಾಡಿದ್ದು ಇಷ್ಟೇ: ಆ ಆಟದ ಸುತ್ತ ಇದ್ದ ಬೇಡದ್ದನ್ನೆಲ್ಲ ಆಚೆ ತಳ್ಳಿತು.

ನನಗೆ ತಲೆಗೆ ಹೋಗಿದ್ದು ಆಗ. ಕಾಡಿನಲ್ಲಿ ಎಲ್ಲವನ್ನೂ ಒಳಗೆ ತುಂಬಿಸುವುದು ಕಷ್ಟವೇ ಅಲ್ಲ. ಯಾವುದನ್ನು ಬಿಡಬೇಕು ಅನ್ನುವುದೇ ಕಷ್ಟ. ಬಿಡುವ ಕೆಲಸದಲ್ಲಿ ಟೆಲಿ ಎತ್ತಿದ ಕೈ.

ಮಾರ್ಚ್‌ನಲ್ಲಿ ಊರಿಗೆ ಹೋದಾಗ ಇದನ್ನೊಂದೇ ಹಿಡಿದು ನಮ್ಮ ಸೊಪ್ಪಿನಬೆಟ್ಟಕ್ಕೆ ಹೋದೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಬೆಟ್ಟ. ಅಲ್ಲಿ ಒಂದು ಮತ್ತಿ ಮರ, ಒಂದು ನಂದಿ ಮರ ಅಕ್ಕಪಕ್ಕ ಇವೆ. ಮತ್ತಿಯ ತೊಗಟೆ ಕಪ್ಪಗೆ, ಚೌಕ ಚೌಕವಾಗಿ ಸೀಳಿ ಮೊಸಳೆಯ ಬೆನ್ನಿನ ಹಾಗಿದೆ. ನಂದಿಯದ್ದು ನುಣ್ಣಗೆ, ಬೆಳ್ಳಗೆ, ಹಳೆ ಗೋಡೆಯ ಸುಣ್ಣದ ಹಾಗೆ ಹಕ್ಕಳೆ ಎದ್ದಿದೆ. ಹತ್ತು ಹೆಜ್ಜೆ ಹಿಂದೆ ನಿಂತು 135 ಎಂಎಂನಲ್ಲಿ ಎರಡನ್ನೂ ಸೇರಿಸಿದೆ. ಎಲೆ ಇಲ್ಲ, ಆಕಾಶ ಇಲ್ಲ, ಬುಡವೂ ಇಲ್ಲ. ಎರಡು ತೊಗಟೆ, ಅಷ್ಟೇ. ಆಚೆ ಕಣಿವೆಯಲ್ಲಿ ಒಂದು ಸಾಗಡೆ ಮರ ಕೆಂಪಗೆ ಚಿಗುರಿತ್ತು. ಹೂವೋ ಚಿಗುರೋ ಅಂತ ದೂರದಿಂದ ಗೊತ್ತಾಗದಷ್ಟು ಕೆಂಪು. 250 ಎಂಎಂಗೆ ಎಳೆದು ಅದನ್ನೂ ತೆಗೆದೆ.

ರಾತ್ರಿ ಅಮ್ಮನಿಗೆ ತೊಗಟೆಯ ಫೋಟೊ ತೋರಿಸಿದೆ. ಒಂದು ಕ್ಷಣವೂ ಬೇಕಾಗಲಿಲ್ಲ. "ಇದು ನಮ್ಮ ಬೆಟ್ಟದ ದಣಪೆ ಹತ್ರದ ಮತ್ತಿ ಅಲ್ದಾ?" ಅಂದರು.

ಈಗ ಅದರ ತಾಪತ್ರಯ ಹೇಳುತ್ತೇನೆ. ಒಂದು, ದಟ್ಟ ಕಾನಿನ ಒಳಗೆ ಇದಕ್ಕೆ ಕೆಲಸವಿಲ್ಲ. ಇಪ್ಪತ್ತು ಮೀಟರ್ ಆಚೆ ಕಾಣದ ಜಾಗದಲ್ಲಿ 200 ಎಂಎಂ ಇಟ್ಟುಕೊಂಡು ಏನು ಮಾಡುವುದು? ರಸ್ತೆ, ಗದ್ದೆಯ ಅಂಚು, ಕೆರೆ ಏರಿ, ಎದುರಿನ ಗುಡ್ಡ, ಇಂಥ ಕಡೆಯಿಂದ ಕಾಡನ್ನು ನೋಡುವಾಗ ಮಾತ್ರ ಇದು. ಎರಡು, ಅಲ್ಲಾಟ. ಮಬ್ಬು ಬೆಳಕಿನಲ್ಲಿ ಕೈಯಲ್ಲಿ ಹಿಡಿದು ತೆಗೆದವು ಹತ್ತರಲ್ಲಿ ಏಳು ಹಾಳಾದವು. ಟ್ರೈಪಾಡ್ ಬೇಕು, ಎರಡು ಸೆಕೆಂಡಿನ ಟೈಮರ್ ಬೇಕು, ಟ್ರೈಪಾಡ್ ಮೇಲಿಟ್ಟಾಗ ಲೆನ್ಸಿನೊಳಗೆ ಅಲ್ಲಾಟ ತಡೆಯುವ ಸ್ಟೆಬಿಲೈಸರ್ ಆಫ್ ಮಾಡಬೇಕು. ಮೂರು, ಮುಂದಿನ ಮರ ಹಿಂದಿನ ಮರ ಎರಡೂ ಚೂಪಾಗಿ ಬರಬೇಕು ಅಂದರೆ ಎಫ್ 11ರ ತನಕ ಹೋಗಬೇಕು. ಆಗ ಬೆಳಕು ಹಿಡಿಯುವ ಸಮಯ ಇನ್ನೂ ಉದ್ದವಾಗುತ್ತದೆ, ಗಾಳಿಗೆ ಎಲೆಯೆಲ್ಲ ಮಸಿ.

ಐವತ್ತು

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 160 ಗ್ರಾಂ, ಅಗ್ಗ, ಚೂಪು. ಮದುವೆ ಮನೆಯಲ್ಲಿ ಚಿನ್ನ. ಕಾಡಿನಲ್ಲಿ ಅತ್ತಲೂ ಅಲ್ಲ ಇತ್ತಲೂ ಅಲ್ಲ. ಎಫ್ 1.8ಕ್ಕೆ ತೆರೆದು ಹಿನ್ನೆಲೆ ಮಸುಕು ಮಾಡಿ ಒಂದು ಎಲೆಯನ್ನು ತೆಗೆಯಬಹುದು, ಸರಿ. ಅಂಥದ್ದು ನಾಲ್ಕು ತೆಗೆದ ಮೇಲೆ ನನಗಂತೂ ಸಾಕಾಯಿತು. ಮರ ನೋಡಲು ಹೋಗಿ ಮಸುಕು ತೆಗೆದುಕೊಂಡು ಬಂದ ಹಾಗೆ ಅನಿಸಿತು.

ಒಂದೇ ಒಂದು ಕೆಲಸಕ್ಕೆ ಇದು ಬೇಕು: ಎತ್ತರದ ಒಂಟಿ ಮರಕ್ಕೆ. ನಮ್ಮ ಮನೆಯ ಹಿಂದಿನ ತಾರೆ ಮರವನ್ನು ನಾಲ್ಕರಲ್ಲೂ ತೆಗೆದೆ. ವೈಡಿನಲ್ಲಿ ಬುಡ ಆನೆಕಾಲು, ತುದಿ ಸೂಜಿ. ಟೆಲಿಗೆ ಹಿಂದೆ ಸರಿಯಲು ಜಾಗವಿಲ್ಲ, ಬೆನ್ನಿಗೆ ಕೊಟ್ಟಿಗೆ ತಾಗಿತು. 50ರಲ್ಲಿ ಕ್ಯಾಮೆರಾ ಅಡ್ಡ ಹಿಡಿದು ಬುಡದಿಂದ ತುದಿಯ ತನಕ ಐದು ಫೋಟೊ, ಒಂದಕ್ಕೊಂದು ಮೂರನೇ ಒಂದು ಭಾಗ ಸೇರುವ ಹಾಗೆ. ಕಂಪ್ಯೂಟರಿನಲ್ಲಿ ಹೊಲಿದಾಗ ಮರ ಮರದ ಹಾಗೇ ಕಂಡಿತು. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮೂರನ್ನೂ ಮೊದಲೇ ಬಿಗಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಹೊಲಿಗೆ ಕಾಣುತ್ತದೆ. ಗಾಳಿ ಇದ್ದ ದಿನ ಕೈ ಹಾಕಲೇಬೇಡಿ. ನನ್ನ ಮೊದಲ ಪ್ರಯತ್ನದಲ್ಲಿ ಒಂದೇ ಕೊಂಬೆಗೆ ಎರಡು ತುದಿ ಬಂದಿತ್ತು.

ಈ ಲೆನ್ಸಿಗೆ ಇನ್ನೊಂದು ಕತೆಯೂ ಇದೆ. ಮಳೆಗಾಲದಲ್ಲಿ ಎರಡು ತಿಂಗಳು ಬ್ಯಾಗಿನಲ್ಲೇ ಅಟ್ಟದ ಮೇಲೆ ಬಿಟ್ಟುಬಂದೆ. ತೆಗೆದು ನೋಡಿದರೆ ಗಾಜಿನ ಒಳಗೆ ಜೇಡರ ಬಲೆಯಂಥ ಎಳೆಗಳು. ಫಂಗಸ್. ಕ್ಲೀನ್ ಮಾಡಿಸಲು ಲೆನ್ಸಿನ ಬೆಲೆಯ ಅರ್ಧ ಕೇಳಿದರು. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್. ಮಲೆನಾಡಿನಲ್ಲಿ ಲೆನ್ಸ್ ಇಟ್ಟುಕೊಳ್ಳುವುದೂ ಹಪ್ಪಳ ಇಟ್ಟುಕೊಳ್ಳುವುದೂ ಒಂದೇ.

ಫೋನು

ಫೋನನ್ನು ಬೈಯಲು ತಯಾರಾಗಿ ಹೋಗಿದ್ದೆ. ಬೈಯಲು ವಿಷಯ ಸಿಕ್ಕಿತು ಕೂಡ. ಅದು ನೆರಳನ್ನೆಲ್ಲ ಎತ್ತಿ ಬೆಳಕು ಮಾಡಿಬಿಡುತ್ತದೆ. ಕತ್ತಲೆಕಾನಿನ ಫೋಟೊದಲ್ಲಿ ಕತ್ತಲೆಯೇ ಇಲ್ಲ! ಮಂಜು ಇದ್ದರೆ ಅದನ್ನು ತಪ್ಪು ಅಂದುಕೊಂಡು ತಿದ್ದಲು ಹೋಗುತ್ತದೆ. ದೂರದ ಎಲೆಗಳನ್ನು ಒಂದಕ್ಕೊಂದು ಅಂಟಿಸಿ ಹಸಿರು ಹಿಟ್ಟು ಮಾಡುತ್ತದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಇದು ಎದ್ದು ಕಾಣುತ್ತದೆ. ಅದರ ಅಲ್ಟ್ರಾವೈಡ್ ಲೆನ್ಸ್ ಅಂತೂ ಕಾಡಿನೊಳಗಿನ ಮಬ್ಬಿನಲ್ಲಿ ಬರೀ ಕಾಳು ಕಾಳು. ಪರದೆಯ ಮೇಲೆ ನಾಲ್ಕು ಹನಿ ಬಿದ್ದರೆ ತಾನೇ ಎಲ್ಲೆಲ್ಲೋ ಒತ್ತಿಕೊಳ್ಳುತ್ತದೆ.

ಅರ್ಧ ಕಾಯಿಲೆಗೆ ಮದ್ದು ಸುಲಭ. ಪರದೆ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಚಿತ್ರವನ್ನು ಕೆಳಗೆ ಎಳೆಯಿರಿ. ಕತ್ತಲೆ ವಾಪಸ್ ಬರುತ್ತದೆ. ಕ್ಯಾಮೆರಾದಲ್ಲೂ ನಾನು ಕಾಡಿನೊಳಗೆ ಬೆಳಕನ್ನು ಮೈನಸ್ ಒಂದರಲ್ಲೇ, ಅಂದರೆ ಒಂದು ಸ್ಟಾಪ್ ಕಡಿಮೆಯಲ್ಲೇ, ಇಡುತ್ತೇನೆ.

ಆದರೆ ಆಗುಂಬೆಯಲ್ಲಿ ಮಳೆ ಮತ್ತೆ ಶುರುವಾದಾಗ ಕ್ಯಾಮೆರಾ ಬ್ಯಾಗಿಗೆ ಹೋಯಿತು, ಫೋನು ಹೊರಗೆ ಉಳಿಯಿತು. ಅವತ್ತು ಟ್ರೈಪಾಡ್ ನೆಲಕ್ಕೆ ಊರಿ ಎರಡೇ ನಿಮಿಷಕ್ಕೆ ಅದರ ಕಾಲು ಹತ್ತಿ ಒಂದು ಇಂಬಳ (ಜಿಗಣೆ) ಮೇಲೆ ಬರುತ್ತಿತ್ತು. ತುದಿ ಎತ್ತಿ ಗಾಳಿಯಲ್ಲಿ ಹುಡುಕುತ್ತಿತ್ತು, ರಕ್ತ ಎಲ್ಲಿ ಅಂತ. ಲೋಹದಲ್ಲಿ ಇಲ್ಲ ಮಾರಾಯ್ತಿ, ಅಂದೆ. ಅದಾಗಲೇ ನನ್ನ ಕಾಲುಚೀಲದಲ್ಲಿ ಇನ್ನೂ ಮೂರು ಇದ್ದವು. ಇಂಥ ಹೊತ್ತಿನಲ್ಲಿ ಒಂದೇ ಕೈಯಲ್ಲಿ ಮೂರು ಸೆಕೆಂಡಿಗೆ ಮುಗಿಯುವ ಸಾಧನ ಫೋನು ಮಾತ್ರ. ದೊಡ್ಡ ಮರದ ಹಲಗೆಯಂಥ ಬೇರುಗಳ ಸಂದಿಗೆ, ನೆಲದಿಂದ ಮೂರು ಇಂಚು ಎತ್ತರಕ್ಕೆ ನುಗ್ಗಿಸಿ ತೆಗೆಯಬಹುದು. ಅಲ್ಲಿಗೆ ನನ್ನ ಕ್ಯಾಮೆರಾ ಹೋಗುವುದೇ ಇಲ್ಲ.

ಫೋನಿನಿಂದ ಕಲಿತ ಒಂದು ಉಪಾಯ ಇಲ್ಲಿದೆ. ಅದರಲ್ಲಿ ಕಪ್ಪುಬಿಳುಪು ಫಿಲ್ಟರ್ ಹಾಕಿಟ್ಟು, ಕ್ಯಾಮೆರಾ ತೆಗೆಯುವ ಮೊದಲು ಜಾಗವನ್ನು ಅದರಲ್ಲಿ ನೋಡುತ್ತೇನೆ. ಹಸಿರು ಹೋದ ಕೂಡಲೇ ಮೋಸ ಹೊರಬೀಳುತ್ತದೆ. ಮರ ಹಿನ್ನೆಲೆಯಿಂದ ಬಿಡಿಸಿ ಕಾಣದಿದ್ದರೆ ಟ್ರೈಪಾಡ್ ಬಿಚ್ಚುವ ಕಷ್ಟವೇ ಬೇಡ.

ಒಂದು ಕಡೆ ನಾಲ್ಕೂ ಸೋತವು: ರಾಮೋಹಳ್ಳಿ ಹತ್ತಿರದ ದೊಡ್ಡ ಆಲದ ಮರ. ಸುಮಾರು ಮೂರು ಎಕರೆ ಹಬ್ಬಿದೆ, ನಾನೂರು ವರ್ಷದ್ದು ಅನ್ನುತ್ತಾರೆ. ಮೂಲ ಬೊಡ್ಡೆ ಸತ್ತು ಬಹಳ ಕಾಲವಾಯಿತು, ಬಿಳಲುಗಳೇ ಈಗ ಬೊಡ್ಡೆಗಳು. ಒಳಗೆ ನಿಂತರೆ ಇದು ಕಾಡು, ಹೊರಗೆ ನಿಂತರೆ ಇದು ಪೊದೆ. ಒಂದೇ ಮರ ಅಂತ ಫೋಟೊದಲ್ಲಿ ತೋರಿಸುವುದು ನನ್ನಿಂದ ಆಗಲಿಲ್ಲ. ನಿಮಗೆ ಆಗಿದ್ದರೆ ಹೇಳಿ.

ದುಡ್ಡು ಎಲ್ಲಿ ಹಾಕಬೇಕು

ಲೆನ್ಸಿಗಿಂತ ಮೊದಲು ಪೋಲರೈಸರ್ ಕೊಳ್ಳಿ. ಒದ್ದೆ ಎಲೆಯ ಮೇಲೆ ಆಕಾಶ ಬಿಳಿಯಾಗಿ ಹೊಳೆಯುತ್ತಿರುತ್ತದೆ. ಉಂಗುರ ನಿಧಾನ ತಿರುಗಿಸಿದರೆ ಆ ಬಿಳಿ ಆರಿ ಒಳಗಿನ ಹಸಿರು ಹೊರಗೆ ಬರುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಆಮೇಲೆ ಮಾಡಲು ಆಗುವುದಿಲ್ಲ. ಪೂರ್ತಿ ತಿರುಗಿಸಬೇಡಿ, ಸ್ವಲ್ಪ ಹೊಳಪು ಉಳಿಯಲಿ. ಇಲ್ಲದಿದ್ದರೆ ಮಳೆ ಬಿದ್ದ ಕಾಡು ಬಟ್ಟೆಯ ಹಾಗೆ ಕಾಣುತ್ತದೆ. ನನ್ನ ಮೂರು ಲೆನ್ಸಿಗೂ ಬಾಯಿಯ ಅಳತೆ ಬೇರೆ: 67, 49, 58. ಮೂರು ಪೋಲರೈಸರ್ ಕೊಳ್ಳುವ ಬದಲು 67ರದ್ದು ಒಂದು ಕೊಂಡು, ಚಿಕ್ಕ ಬಾಯಿಗೆ ದೊಡ್ಡ ಫಿಲ್ಟರ್ ಕೂರಿಸುವ ಎರಡು ಸ್ಟೆಪ್ ಅಪ್ ರಿಂಗ್ ಹಾಕಿಕೊಂಡೆ.

ಆಮೇಲೆ ಟ್ರೈಪಾಡ್. ಆಮೇಲೆ 55-250 ಥರದ ಟೆಲಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಟಾರ್ಚ್ ಹಾಕಿ ಒಳಗೆ ಫಂಗಸ್ ಇದೆಯಾ ನೋಡಿಕೊಳ್ಳಿ. ಫೋನು ಹೇಗೂ ಇದೆ. ವೈಡ್ ಕೊನೆಗೆ. ಅದೂ ಜಡ್ಡಿ, ಹುಣಸೆ ತೋಪು, ದೊಡ್ಡ ಬೇರು, ಇಂಥದ್ದರ ಮುಂದೆ ಹೋಗಿ ಕೂರುವ ತಾಳ್ಮೆ ಇದ್ದರೆ. 50 ನಿಮ್ಮ ಹತ್ತಿರ ಇದ್ದರೆ ಇರಲಿ, ಕಾಡಿಗೋಸ್ಕರ ಕೊಳ್ಳಬೇಡಿ.

ಮುಂದಿನ ವಾರ ಮತ್ತೆ ಊರಿಗೆ ಹೋಗುತ್ತಿದ್ದೇನೆ. ಬ್ಯಾಗಿನಲ್ಲಿ ಟೆಲಿ, ಟ್ರೈಪಾಡ್, ಎರಡು ರಿಂಗು, ಇಂಬಳಕ್ಕೆ ಅಂತ ಒಂದು ಪೊಟ್ಟಣ ನಶ್ಯ ಇದೆ. 10-18 ಅನ್ನು ವೈಡ್ ಬೇಕೇ ಬೇಕು ಅಂದಿದ್ದ ಆ ಆಫೀಸಿನ ಗೆಳೆಯ ನಲ್ಲೂರಿಗೆ ಅಂತ ಎರವಲು ಒಯ್ದು ಒಂದು ತಿಂಗಳಾಯಿತು. ನಾನಿನ್ನೂ ವಾಪಸ್ ಕೇಳಿಲ್ಲ.